ರೇಸ್ ಫೋಟೋಗೆ ಯಾವ ಲೆನ್ಸ್? ಇರುವ 70-300 ಸಾಕಾ, 150-600 ತಗೊಳ್ಳಲಾ?

ಹೊಸಕೋಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ ನಿಕಾನ್ ಡಿ5600 ಇದೆ. ಅದರ ಜೊತೆ ಬಂದ 18-55 ಎಂಎಂ ಲೆನ್ಸ್ (ಎಂಎಂ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಮತ್ತೆ ಎಎಫ್-ಪಿ 70-300, ಕೈ ಅಲುಗಾಟ ತಡೆಯುವ ವಿಆರ್ ಇರುವುದು. ಇಷ್ಟು ದಿನ ಮನೆಯವರ ಫೋಟೋ, ಊರ ಜಾತ್ರೆ, ನಮ್ಮ ಕೆರೆಗೆ ಬರುವ ಹಕ್ಕಿಗಳು ಇಷ್ಟೇ ತೆಗೆದದ್ದು. ಆದರೆ ಚಿಕ್ಕಂದಿನಿಂದ ಹುಚ್ಚು ಹಿಡಿದಿರುವುದು ರೇಸಿನದು. ಮುಂದಿನ ತಿಂಗಳು ಶ್ರೀಪೆರಂಬದೂರು ಹತ್ತಿರದ ಇರುಂಗಾಟುಕೋಟೆ ಟ್ರ್ಯಾಕಿಗೆ ಗೆಳೆಯರ ಜೊತೆ ಹೋಗುತ್ತಿದ್ದೇನೆ. ಕಾರ್ ರೇಸ್. ಬೈಕ್ ರೇಸಿಗೆ ಇನ್ನೊಮ್ಮೆ ಹೋಗುವ ಆಸೆ ಇದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸಿಗ್ಮಾ 150-600 ಕಂಟೆಂಪರರಿ ನೋಡಿಟ್ಟಿದ್ದೇನೆ. ಎರಡು ವರ್ಷ ಕೂಡಿಟ್ಟ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತದೆ. ಕಳೆದ ವಾರ ಕಾರ್ಟಿಂಗ್ ಟ್ರ್ಯಾಕಿಗೆ ಹೋಗಿ 70-300ರಲ್ಲಿ ಒಂದಿಷ್ಟು ತೆಗೆದೆ. ಶಟರ್ 1/2000 ಸೆಕೆಂಡಿಗೆ ಇಟ್ಟಿದ್ದೆ. ಎಲ್ಲ ಶಾರ್ಪ್ ಆಗಿ ಬಂದಿದೆ, ಆದರೆ ಒಂದರಲ್ಲೂ ಜೀವ ಇಲ್ಲ. ಗಾಡಿಯನ್ನು ಟ್ರ್ಯಾಕ್ ಮೇಲೆ ನಿಲ್ಲಿಸಿ ತೆಗೆದ ಹಾಗಿದೆ. ದೊಡ್ಡ ಲೆನ್ಸ್ ತಗೊಂಡರೆ ಸರಿಹೋಗುತ್ತಾ?

ಎರಡನೇ ಗೇರ್

ಬನ್ನಿ ಬನ್ನಿ. ಮೊದಲ ಮಾತು, ಇನ್ನೂ ದುಡ್ಡು ಕೊಡಬೇಡಿ.

ನಿಮ್ಮ ಕಾರ್ಟಿಂಗ್ ಫೋಟೋದಲ್ಲಿ ಲೆನ್ಸಿನ ತಪ್ಪೇನೂ ಇಲ್ಲ, ತಪ್ಪು 1/2000ರದ್ದು. ರೇಸ್ ಕಾರಿನ ಲೆಕ್ಕ ಹೇಳುತ್ತೇನೆ. ಟೈರು ಒಂದು ಸುತ್ತು ಉರುಳಿದರೆ ಹತ್ತಿರ ಹತ್ತಿರ 2 ಮೀಟರ್. ಗಂಟೆಗೆ 150 ಕಿಮೀ ವೇಗದಲ್ಲಿ ಸೆಕೆಂಡಿಗೆ 20 ಸುತ್ತು ದಾಟುತ್ತದೆ. ಆದರೂ 1/2000ರಲ್ಲಿ ಅದು ತಿರುಗುವುದು ಸುಮಾರು 4 ಡಿಗ್ರಿ ಅಷ್ಟೇ. ಅಲಾಯ್ ವೀಲಿನ ಕಡ್ಡಿ ಒಂದೊಂದನ್ನೂ ಎಣಿಸಬಹುದು. ಅದಕ್ಕೇ ನಿಂತ ಗಾಡಿ ಹಾಗೆ ಕಾಣೋದು. ಶಟರ್ 1/125ಕ್ಕೆ ಇಳಿಸಿ, ಅದೇ ಚಕ್ರ 60 ಡಿಗ್ರಿ ತಿರುಗುತ್ತದೆ. ಕಡ್ಡಿಗಳೆಲ್ಲ ಕರಗಿ ಒಂದು ತಟ್ಟೆ ಆಗುತ್ತದೆ. ನೀವು ಕ್ಯಾಮೆರಾವನ್ನು ಕಾರಿನ ಜೊತೆಗೇ ತಿರುಗಿಸುತ್ತಾ ಹೋಗಿದ್ದರೆ ಕಾರು ನಿಚ್ಚಳ, ಹಿಂದಿನ ಬೇಲಿ, ಮರ, ಜನ ಎಲ್ಲ ಗೆರೆ ಗೆರೆ. ಇದೇ ಪ್ಯಾನಿಂಗ್.

ಇದನ್ನು ಇರುವ 70-300ರಲ್ಲೇ ಕಲಿಯಬಹುದು, ಅದರಲ್ಲೇ ಕಲಿಯಬೇಕು ಅಂತ ನನ್ನ ಅಭಿಪ್ರಾಯ. ನಿಮ್ಮ ಲೆನ್ಸ್ ತೂಕ 415 ಗ್ರಾಂ. ಸಿಗ್ಮಾ 1930 ಗ್ರಾಂ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎರಡು ಕೆಜಿ ಎತ್ತಿ ಹಿಡಿದು ಸೊಂಟ ತಿರುಗಿಸುವುದು ಬೇರೆಯೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಎಡಗೈ ನಡುಗಲು ಶುರುವಾಗುತ್ತದೆ, ಫೋಟೋ ಎಲ್ಲ ಮೇಲೆ ಕೆಳಗೆ ಅಲುಗುತ್ತವೆ.

ನಿಲ್ಲುವ ರೀತಿ ಹೀಗೆ. ಯಾವ ಜಾಗಕ್ಕೆ ಕಾರು ಬಂದಾಗ ಕ್ಲಿಕ್ ಮಾಡುತ್ತೀರೋ ಪಾದ ಆ ಕಡೆ ಇರಲಿ. ಸೊಂಟದಿಂದ ಮೇಲೆ ಮಾತ್ರ ತಿರುಗಿ, ಕಾರು ಬರುವ ಕಡೆ ನೋಡಿ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಕಾರು ದೂರದಲ್ಲಿ ಇರುವಾಗಲೇ ಹಿಡಿದು ಹಿಂಬಾಲಿಸಿ. ಫೋಕಸ್ ಬಿಂದುವನ್ನು ಡ್ರೈವರ್ ಹೆಲ್ಮೆಟ್ ಮೇಲೋ ಬಾಗಿಲಿನ ನಂಬರ್ ಮೇಲೋ ಕೂರಿಸಿ. ಬಟನ್ ಒತ್ತಿದ ಮೇಲೂ ಕೈ ನಿಲ್ಲಬಾರದು, ಕಾರು ಹೋಗುವಷ್ಟು ದೂರ ಹೋಗಲಿ. ಹೊಸಬರು ಎಡವುವುದು ಇಲ್ಲೇ. ಕ್ಲಿಕ್ ಆದ ಕೂಡಲೇ ಕೈ ನಿಂತುಬಿಡುತ್ತದೆ.

ನಾನು ಹನ್ನೆರಡು ವರ್ಷದಿಂದ ತೆಗೆಯುತ್ತಿದ್ದೇನೆ. 1/60ರಲ್ಲಿ ಇವತ್ತಿಗೂ ಹತ್ತಕ್ಕೆ ಒಂದು ಸಿಕ್ಕರೆ ಖುಷಿ. ಮೊದಲ ಸಲ ಹೋಗುವವರು 1/250ರಲ್ಲಿ ಶುರು ಮಾಡಿ. ಕೈ ಕುದುರಿದ ಮೇಲೆ 1/160, 1/125.

ಲೆಕ್ಕದ ಮೇಷ್ಟ್ರು

ಧಾರವಾಡದಿಂದ ನಮಸ್ಕಾರ್ರೀ. ನಾ ರೇಸ್ ಫೋಟೋದವ ಅಲ್ಲ, ಹಕ್ಕಿ ಫೋಟೋದವ. ಆದರೆ ಯಾವ ಲೆನ್ಸ್ ಅನ್ನೋ ಪ್ರಶ್ನೆಗೆ ಒಂದು ಸರಳ ಲೆಕ್ಕ ಇದೆ. ಅದನ್ನ ಮಾಡದೇ ದುಡ್ಡು ಹಾಕೋದು ತಪ್ಪು ಅನ್ನಿಸುತ್ತದೆ ನೋಡ್ರಿ.

ಡಿ5600ರ ಸೆನ್ಸರ್ ಅಗಲ 23.5 ಎಂಎಂ. ದೂರವನ್ನು ಮೀಟರ್‌ನಲ್ಲಿ ಬರೆದು 23.5ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಬಂದ ಸಂಖ್ಯೆ, ಆ ದೂರದಲ್ಲಿ ನಿಮ್ಮ ಫ್ರೇಮಿನಲ್ಲಿ ಎಷ್ಟು ಮೀಟರ್ ಅಗಲ ಕಾಣುತ್ತದೆ ಅನ್ನೋದು.

50 ಮೀಟರ್ ದೂರ, 300 ಎಂಎಂ ಲೆನ್ಸ್. 50 ಗುಣಿಸು 23.5, ಭಾಗಿಸು 300. ಉತ್ತರ 3.9 ಮೀಟರ್. ಒಂದು ಪೋಲೊ ಕಾರಿನ ಉದ್ದ ಸುಮಾರು 4 ಮೀಟರ್. ಅಂದರೆ ಕಾರು ಫ್ರೇಮ್ ತುಂಬಿ ಮೂತಿ ಆಚೆ ಹೋಗುತ್ತದೆ! ಕಾರಿನ ಮುಂದೆ ಓಡಲು ಸ್ವಲ್ಪ ಜಾಗ ಬಿಟ್ಟರೆ ಚೆಂದ, ಅಲ್ವಾ? 6 ಮೀಟರ್ ಅಗಲ ಬೇಕು ಅಂದುಕೊಳ್ಳಿ. ಆಗ 50 ಮೀಟರಿಗೆ 200 ಎಂಎಂ ಸಾಕು. 100 ಮೀಟರಿಗೆ 400. 150 ಮೀಟರಿಗೆ 600 ಹತ್ತಿರ.

ಬೈಕಿಗೆ ಲೆಕ್ಕ ಬೇರೆ. ಅದರ ಉದ್ದ 2 ಮೀಟರ್ ಅಷ್ಟೇ. 3.5 ಮೀಟರ್ ಅಗಲದ ಫ್ರೇಮ್ ಬೇಕು ಅಂದರೆ 50 ಮೀಟರಿಗೇ 335 ಎಂಎಂ ಆಗುತ್ತದೆ. 100 ಮೀಟರಿಗೆ 600 ಕೂಡ ಸಾಲದು.

ಹಂಗಾಗಿ ಮೊದಲು ಗೊತ್ತಾಗಬೇಕಾದ್ದು ನೀವು ನಿಲ್ಲುವ ಜಾಗದಿಂದ ಟ್ರ್ಯಾಕ್ ಎಷ್ಟು ದೂರ ಅನ್ನೋದು. ಫೋನಿನ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆಗೆದು, ದೂರ ಅಳೆಯುವ ಗೆರೆ ಎಳೆದರೆ ಮನೆಯಲ್ಲೇ ಕೂತು ತಿಳಿಯಬಹುದು. ಗ್ಯಾಲರಿ ಎಲ್ಲಿದೆ, ತಿರುವು ಎಲ್ಲಿದೆ, ಎಲ್ಲ ಕಾಣುತ್ತದೆ.

ಹೊಸಕೋಟೆ ಹುಡುಗ

ಮೇಷ್ಟ್ರೇ, ಇದು ಗೊತ್ತೇ ಇರಲಿಲ್ಲ. ಈಗಲೇ ಮ್ಯಾಪ್ ತೆಗೆದು ಕೂತೆ. ನಾವು ನಿಲ್ಲಬಹುದು ಅಂತ ಗೆಳೆಯ ಹೇಳಿದ ಒಂದು ಕಡೆ ಸುಮಾರು 60 ಮೀಟರ್ ಬರುತ್ತಿದೆ. ಇನ್ನೊಂದು ಕಡೆ 140.

ಎರಡನೇ ಗೇರ್ ಸರ್, ನಮಗೆ ಪಾಸ್ ಇಲ್ಲ, ಟಿಕೆಟ್ ಅಷ್ಟೇ. ಜಾಲರಿ ಬೇಲಿಯ ಹಿಂದಿನಿಂದ ತೆಗೆಯಬೇಕಾದರೆ ಏನು ಮಾಡುವುದು? ಪ್ಯಾನಿಂಗ್ ಮಾಡುವಾಗ ವಿಆರ್ ಆಫ್ ಮಾಡಬೇಕಾ?

ಕುಡ್ಲದ ಕ್ಯಾಮೆರಾ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. 150-600 ಬೇಡವೇ ಬೇಡ ಅಂತ ಹೇಳುವುದು ಸರಿ ಅಲ್ಲ ಮಾರಾಯ್ರೆ. ಇವರು ಹಕ್ಕಿಯನ್ನೂ ತೆಗೆಯುತ್ತಾರೆ. ಕೆರೆ ದಂಡೆಯಲ್ಲಿ 300 ಯಾವತ್ತೂ ಸಾಲುವುದಿಲ್ಲ. ರೇಸಿಗೂ ಹಕ್ಕಿಗೂ ಎರಡಕ್ಕೂ ಆಗುವ ಲೆನ್ಸ್ ಒಂದು ಇದ್ದರೆ ಅದು ದುಡ್ಡು ಹಾಳು ಹೇಗೆ ಆಗುತ್ತದೆ? ನನ್ನ ಹತ್ತಿರ ಟ್ಯಾಮ್ರಾನ್ 150-600 ಜಿ2 ಉಂಟು. ಐದು ವರ್ಷದಿಂದ ಒಂದು ದಿನವೂ ತಗೊಂಡದ್ದಕ್ಕೆ ಬೇಸರ ಆದದ್ದಿಲ್ಲ.

ಆದರೆ ಪ್ಯಾನಿಂಗ್ ಕಲಿತದ್ದು ಅದರಲ್ಲಿ ಅಲ್ಲ, 55-200ರಲ್ಲಿ, ಅದೂ ಕಂಬಳದಲ್ಲಿ. ಕರೆ ಅಂದರೆ ಕೋಣ ಓಡುವ ಕೆಸರಿನ ದಾರಿ, ಅದರ ಪಕ್ಕ ನಿಂತರೆ ಓಟ ನೇರ, ವೇಗ ಹೆಚ್ಚು ಕಡಿಮೆ ಒಂದೇ. ಒಂದು ಜೋಡಿ ಹೋದ ಮೇಲೆ ಇನ್ನೊಂದು ಜೋಡಿ, ರಾತ್ರಿ ಹಗಲು ನಡೆಯುತ್ತದೆ. ಒಂದೇ ತಪ್ಪನ್ನು ಐವತ್ತು ಸಲ ತಿದ್ದಿಕೊಳ್ಳುವ ಅವಕಾಶ ಬೇರೆಲ್ಲಿ ಸಿಗುತ್ತದೆ? 1/80ರಲ್ಲಿ ಓಡಿಸುವವರ ಮುಖ ನಿಂತು, ಕೆಸರು ನೀರು ಮಾತ್ರ ಬೆಳ್ಳಿ ದಾರದ ಹಾಗೆ ಎಳೆದುಕೊಂಡ ಫೋಟೋ ಒಂದು ಸಿಕ್ಕಿತು. ಅದನ್ನು ನೋಡಿದ ದಿನ ನನಗೆ ಈ ವಿದ್ಯೆ ಅರ್ಥ ಆಯಿತು.

ಹೊಸಕೋಟೆಯಲ್ಲಿ ಕಂಬಳ ಇಲ್ಲ, ಆದರೆ ಹೈವೇ ಉಂಟಲ್ಲ? ಸರ್ವಿಸ್ ರೋಡಿನ ಆಚೆ ಸುರಕ್ಷಿತ ಜಾಗದಲ್ಲಿ ನಿಂತು ಹೋಗುವ ಬಸ್ಸು ಲಾರಿ ಹಿಡಿಯಿರಿ. ದಿನಾ ಅರ್ಧ ಗಂಟೆ ಸಾಕು.

ಎರಡನೇ ಗೇರ್

ಕುಡ್ಲದವರ ಮಾತು ಒಪ್ಪಿದೆ. ಹಕ್ಕಿಗೂ ಬೇಕು ಅಂದರೆ ಲೆಕ್ಕ ಬೇರೆ. ನಾನು ಹೇಳಿದ್ದು ಮೊದಲ ರೇಸಿಗೆ ಮುಂಚೆ ತಗೊಳ್ಳಬೇಡಿ ಅಂತ. ಎರಡು ದಿನಕ್ಕೆ ಬಾಡಿಗೆಗೆ ತಗೊಂಡು ಹೋಗಿ, ಎರಡನ್ನೂ ಅಲ್ಲೇ ಹೋಲಿಸಿ ನೋಡಿ.

ಬಾಡಿಗೆ ಲೆನ್ಸ್ ಬಗ್ಗೆ ಒಂದು ಎಚ್ಚರಿಕೆ, ನನಗೇ ಆದದ್ದು. ಒಮ್ಮೆ ಒಂದು ಅಂಗಡಿಯಿಂದ ತಂದ ಲೆನ್ಸ್ ಫೋಕಸ್ ಹಿಂದಕ್ಕೆ ಬೀಳುತ್ತಿತ್ತು. ಹೆಲ್ಮೆಟ್ ಮೇಲೆ ಇಟ್ಟರೆ ಹಿಂದಿನ ರೆಕ್ಕೆ ಶಾರ್ಪ್. ಇಡೀ ಶನಿವಾರ ಹಾಳಾಯಿತು, ನನ್ನ ಕೈದೇ ತಪ್ಪು ಅಂದುಕೊಂಡು ಒದ್ದಾಡಿದೆ. ಡಿ5600ರಲ್ಲಿ ಫೋಕಸ್ ತಿದ್ದುವ ಫೈನ್ ಟ್ಯೂನ್ ಸೌಲಭ್ಯ ಇಲ್ಲ. ಹಾಗಾಗಿ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ನ್ಯೂಸ್ ಪೇಪರನ್ನು ಮೇಜಿನ ಮೇಲೆ ಹರಡಿ, ಓರೆಯಾಗಿ ನಿಂತು, ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಯಾವ ಸಾಲು ನಿಚ್ಚಳವಾಗಿದೆ ಅಂತ ದೊಡ್ಡದು ಮಾಡಿ ನೋಡಿ. ಐದು ನಿಮಿಷದ ಕೆಲಸ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗಲೂ ಇದೇ ಪರೀಕ್ಷೆ.

ಜಾಲರಿ ಬೇಲಿಗೆ ಬರೋಣ. ಲೆನ್ಸಿನ ಬಾಯಿ ಬೇಲಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಪೂರ್ತಿ ತೆರೆದು, ಜಾಸ್ತಿ ಝೂಮ್ ಮಾಡಿದಷ್ಟೂ ತಂತಿ ಕರಗಿ ಮಾಯವಾಗುತ್ತದೆ. ತಂತಿಯ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿದ್ದರೆ ಮಾತ್ರ ಬಿಳಿ ಮಂಜು ಕವಿದ ಹಾಗಾಗುತ್ತದೆ, ನೆರಳಿರುವ ಕಡೆ ಹುಡುಕಿ. ಅಲ್ಲಿನವರು ಬೇಲಿಯಿಂದ ಇಷ್ಟು ದೂರ ನಿಲ್ಲಿ ಅಂದರೆ ಅಷ್ಟು ದೂರವೇ. ಆಗ ಗ್ಯಾಲರಿಯ ಮೇಲಿನ ಮೆಟ್ಟಿಲು ಹತ್ತಿ, ಬೇಲಿಯ ಮೇಲಿನಿಂದ ತೆಗೆಯಿರಿ. ಅಲ್ಲಿ ದೂರ ಜಾಸ್ತಿ, ಉದ್ದ ಲೆನ್ಸಿಗೆ ಅಲ್ಲಿ ಕೆಲಸ ಇದೆ.

ವಿಆರ್ ಆನ್ ಇರಲಿ. ನೀವು ಪ್ಯಾನ್ ಮಾಡುತ್ತಿದ್ದೀರಿ ಅಂತ ನಿಕಾನ್ ವಿಆರ್ ತಾನೇ ಗುರುತಿಸಿ, ಮೇಲೆ ಕೆಳಗಿನ ಅಲುಗಾಟ ಮಾತ್ರ ತಡೆಯುತ್ತದೆ. ಸಿಗ್ಮಾ ಬಾಡಿಗೆಗೆ ತಂದರೆ ಅದರ ಪಕ್ಕದಲ್ಲಿ ಅಲುಗಾಟ ತಡೆಯುವ ಓಎಸ್ ಸ್ವಿಚ್ ಇದೆ. 1 ಅಂದರೆ ಸಾಮಾನ್ಯ, 2 ಅಂದರೆ ಪ್ಯಾನಿಂಗ್. 2ಕ್ಕೆ ಹಾಕಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಉರಿ ಬಿಸಿಲಲ್ಲಿ ಸೆನ್ಸರ್ ಬೆಳಕು ಹಿಡಿಯುವ ಚುರುಕು, ಅಂದರೆ ಐಎಸ್‌ಒ 100 ಇಟ್ಟು 1/100 ಶಟರ್ ಬೇಕು ಅಂದರೆ ಅಪರ್ಚರ್ ಎಫ್ 16ಕ್ಕೆ ಹೋಗುತ್ತದೆ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಚಿಕ್ಕದು. 1/50ಕ್ಕೆ ಎಫ್ 22. ಅಲ್ಲಿಗೆ ಹೋದರೆ ಫೋಟೋ ಮಂಕಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಅದಕ್ಕೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಅಥವಾ ಪೋಲರೈಸರ್ ಬೇಕು. ಪೋಲರೈಸರ್ ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಬೆಳಕು ಕಡಿಮೆ ಮಾಡುತ್ತದೆ, ಕಾರಿನ ಗಾಜಿನ ಹೊಳಪನ್ನೂ ತೆಗೆಯುತ್ತದೆ, ಒಳಗಿನ ಡ್ರೈವರ್ ಕಾಣುತ್ತಾನೆ. ನಿಮ್ಮ 70-300ಕ್ಕೆ 58 ಎಂಎಂ ಫಿಲ್ಟರ್ ಸಾಕು. 150-600ಕ್ಕೆ 95 ಎಂಎಂ ಬೇಕು. ಅಂಗಡಿಯಲ್ಲಿ ಎರಡರ ಬೆಲೆ ಕೇಳಿ ನೋಡಿ. ಲೆನ್ಸ್ ತಗೊಳ್ಳುವಾಗ ಈ ಖರ್ಚು ಯಾರಿಗೂ ನೆನಪಾಗುವುದಿಲ್ಲ.

ಸಿಲ್ವರ್ ಓಕ್ ನೆರಳು

ಚಿಕ್ಕಮಗಳೂರಿಂದ ಬರೆಯುತ್ತಿದ್ದೇನೆ. ಟ್ರ್ಯಾಕ್ ರೇಸ್ ನಾನು ಹೋಗಿ ನೋಡಿದ್ದು ಒಂದೇ ಸಲ. ನಮ್ಮದೇನಿದ್ದರೂ ರ‍್ಯಾಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಇಲ್ಲಿ ನಡೆದಾಗ ಗೌರವ್ ಗಿಲ್ ಓಡಿಸುವುದನ್ನು ನಮ್ಮ ತೋಟದ ಸಾಲಿನಲ್ಲೇ ನಿಂತು ನೋಡಿದ್ದೇವೆ. ಇಲ್ಲಿಯವರೆಗೆ ಹೇಳಿದ ಲೆನ್ಸ್ ಲೆಕ್ಕ ರ‍್ಯಾಲಿಗೆ ಹೊಂದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಫಿ ತೋಟದ ದಾರಿ ಒಂದು ಜೀಪಿನ ಅಗಲ. ಎರಡೂ ಕಡೆ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್ ನೆರಳು. ಮೊದಲು ಸದ್ದು ಬರುತ್ತದೆ, ಗುಡ್ಡದ ಆ ಕಡೆಯಿಂದ. ಕಾರು ಕಾಣುವುದು ಕೊನೆಯ ಮೂರು ನಾಲ್ಕು ಸೆಕೆಂಡ್ ಮಾತ್ರ. ಮಾರ್ಷಲ್ ಶಿಳ್ಳೆ ಹೊಡೆದ ಮೇಲೆ ಕ್ಯಾಮೆರಾ ಕಣ್ಣಿಂದ ಇಳಿಸಲೇಬಾರದು. 600 ಎಂಎಂ ಇಟ್ಟುಕೊಂಡರೆ ಕಾರನ್ನು ಹುಡುಕುವಷ್ಟರಲ್ಲಿ ಧೂಳು ಮಾತ್ರ ಉಳಿದಿರುತ್ತದೆ. ನಾನು ಉಪಯೋಗಿಸುವುದು 70-200 ಎಫ್ 2.8. ಬೆಳಗ್ಗೆ ಏಳಕ್ಕೆ ಆ ನೆರಳಲ್ಲಿ ಎಫ್ 6.3 ಲೆನ್ಸ್ ಹಾಕಿದರೆ ಐಎಸ್‌ಒ 6400 ದಾಟಿಬಿಡುತ್ತದೆ. ಎತ್ತರದ ದರೆಯ ಮೇಲೆ ಜಾಗ ಸಿಕ್ಕರೆ 24-70 ಹಾಕಿ, ತಿರುವು, ತೋಟ, ಮಂಜು ಎಲ್ಲ ಸೇರಿಸಿ ತೆಗೆಯುತ್ತೇನೆ. ಅದು ಚಿಕ್ಕಮಗಳೂರು ಅಂತ ನೋಡಿದವರಿಗೆ ತಿಳಿಯಬೇಕಲ್ವಾ?

ಧೂಳಿನ ಬಗ್ಗೆ ಹೇಳಲೇಬೇಕು. ಉದ್ದ ಚಾಚಿಕೊಳ್ಳುವ ಝೂಮ್ ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿಯ ಜೊತೆ ಕೆಂಪು ಧೂಳನ್ನೂ ಎಳೆದುಕೊಳ್ಳುತ್ತದೆ. ತೋಟದೊಳಗೆ ನಾನು ಲೆನ್ಸ್ ಬದಲಿಸುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡದು ನಿಲ್ಲುವ ಜಾಗ. ತಿರುವಿನ ಹೊರಗಡೆ ಯಾವತ್ತೂ ನಿಲ್ಲಬೇಡಿ. ಬ್ರೇಕ್ ತಪ್ಪಿದ ಕಾರು ಬರುವುದು ಅಲ್ಲಿಗೇ. ಒಳಗಡೆ, ಎತ್ತರದಲ್ಲಿ, ಹಿಂದೆ ಓಡಲು ದಾರಿ ಇರುವ ಕಡೆ ನಿಲ್ಲಿ. ಎಷ್ಟೇ ಒಳ್ಳೆಯ ಫೋಟೋ ಸಿಗುತ್ತಿದ್ದರೂ ಮಾರ್ಷಲ್ ಹಿಂದೆ ಸರಿಯಿರಿ ಅಂದರೆ ಸರಿಯಬೇಕು.

ಎರಡನೇ ಗೇರ್

ಅಕ್ಕ ಹೇಳಿದ ತಿರುವಿನ ಒಳಗಡೆ ಮಾತಿಗೆ ಫೋಟೋದ ಕಾರಣವೂ ಇದೆ. ಒಳಗಡೆ ನಿಂತರೆ ಕಾರು ನಿಮ್ಮ ಸುತ್ತ ಕಂಸದ ಹಾಗೆ ಸುತ್ತುತ್ತದೆ. ದೂರ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಹಾಗಾಗಿ ಮೂತಿಯಿಂದ ಬಾಲದವರೆಗೂ ಶಾರ್ಪ್ ಬರುತ್ತದೆ. ಹೊರಗಡೆಯಿಂದ ತೆಗೆದರೆ ಕಾರು ನಿಮ್ಮ ಕಡೆ ಬಂದು ಆಚೆ ತಿರುಗುತ್ತದೆ. ನಿಧಾನ ಶಟರ್‌ನಲ್ಲಿ ಮೂತಿ ಸರಿ ಇದ್ದರೆ ಹಿಂಭಾಗ ಕಲಸಿಕೊಂಡಿರುತ್ತದೆ.

ಮಿಲ್ಟನ್ ಕೀನ್ಸ್ ಕನ್ನಡಿಗ

ಇಂಗ್ಲೆಂಡಿನಿಂದ ನಮಸ್ಕಾರ. ಮನೆಯಿಂದ ಸಿಲ್ವರ್‌ಸ್ಟೋನ್ ಹತ್ತಿರ. ಇಲ್ಲಿ ಫಾರ್ಮುಲಾ ಒನ್ ದಿನ ಟಿಕೆಟ್ ತಗೊಂಡು ಒಳಗೆ ಹೋದರೂ ಟ್ರ್ಯಾಕ್ ಬಹಳ ದೂರ, ನಡುವೆ ಎತ್ತರದ ಬೇಲಿ. ಕ್ಯಾನನ್ 100-500 ಹಾಕಿಯೂ ಕ್ರಾಪ್ ಮಾಡಬೇಕಾಗುತ್ತದೆ. ಅದೇ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಸಣ್ಣ ಕ್ಲಬ್ ರೇಸಿಗೆ ಹೋದರೆ ಟ್ರ್ಯಾಕ್ ಬಟ್ಟಲಿನ ತಳದಲ್ಲಿ ಇದ್ದ ಹಾಗಿರುತ್ತದೆ, ಸುತ್ತ ಹುಲ್ಲಿನ ದಿಬ್ಬ. 200 ಎಂಎಂ ಧಾರಾಳ ಸಾಕು. ನನ್ನ ಒಳ್ಳೆಯ ಫೋಟೋಗಳೆಲ್ಲ ಅಲ್ಲಿಯವೇ. ಕಲಿಯುವವರಿಗೆ ಸಣ್ಣ ರೇಸೇ ಮೇಲು.

ಮಿರರ್‌ಲೆಸ್ ಇರುವವರಿಗೆ ಒಂದು ಮಾತು. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಕೆಲವು ಕ್ಯಾಮೆರಾಗಳಲ್ಲಿ ವೇಗದ ಕಾರಿನ ಚಕ್ರ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ, ಹಿಂದಿನ ಕಂಬ ಓರೆಯಾಗುತ್ತದೆ. ಇದು ಹೊಸ ಕಾಯಿಲೆ ಅಲ್ಲ. ಫ್ರಾನ್ಸಿನ ಲಾರ್ಟಿಗ್ 1913ರ ಗ್ರ್ಯಾಂಡ್ ಪ್ರಿಯಲ್ಲಿ ತೆಗೆದ ಫೋಟೋ ಇದೆಯಲ್ಲ, ಅದರಲ್ಲೂ ಚಕ್ರ ಮುಂದಕ್ಕೆ ಬಾಗಿದೆ, ಜನ ಹಿಂದಕ್ಕೆ ವಾಲಿದ್ದಾರೆ. ಆಗಿನ ಶಟರ್ ಸೀಳು ಗಾಜಿನ ಪ್ಲೇಟ್ ಮೇಲೆ ನಿಧಾನವಾಗಿ ಸರಿಯುತ್ತಿತ್ತು, ಅವರೂ ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದ್ದರು. ನೂರು ವರ್ಷ ದಾಟಿದರೂ ಅದರ ವೇಗ ಮೈ ಜುಮ್ ಅನ್ನಿಸುತ್ತದೆ. ಆದರೆ ಎಲ್ಲ ಫೋಟೋದಲ್ಲೂ ಅದು ಬೇಡ ಅಂದರೆ ಮೆಕ್ಯಾನಿಕಲ್ ಶಟರ್ ಇಡಿ.

ಹಳೇ ಗಾಜು

70-200 ಎಫ್ 2.8 ಅಂತ ಕೇಳಿ ಹಳೆಯದು ಅಗ್ಗಕ್ಕೆ ಹುಡುಕಲು ಹೋಗಬೇಡಿ ತಮ್ಮಾ. ಡಿ5600 ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದ್ದರೆ ಮಾತ್ರ ತಗೊಳ್ಳಿ. ಲೆನ್ಸಿನ ಎಂಎಂ ಹೆಚ್ಚಿಸುವ ಟೆಲಿಕನ್ವರ್ಟರ್ ಆಸೆಯೂ ಬೇಡ. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ಎಫ್ 5.6, 6.3 ಲೆನ್ಸಿಗೆ ಅದನ್ನು ಸೇರಿಸಿದರೆ ನಿಮ್ಮ ಕ್ಯಾಮೆರಾದ ಫೋಕಸ್ ತಡಕಾಡುತ್ತದೆ.

ಹೊಸಕೋಟೆ ಹುಡುಗ

ಹೋಗಿ ಬಂದೆ! ಎಲ್ಲರಿಗೂ ಹೇಳಲೇಬೇಕು ಅಂತ ಕೂತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೂರು ವಾರ ದಿನಾ ಸಂಜೆ ಹೈವೇ ಪಕ್ಕ ಬಸ್ಸು ಹಿಡಿದೆ. ಮೊದಲ ವಾರ ಒಂದೂ ಸರಿ ಬರಲಿಲ್ಲ. ಎರಡನೇ ವಾರ ಒಂದು ಕೆಂಪು ಬಸ್ಸಿನ ಬೋರ್ಡ್ ಓದುವ ಹಾಗೆ ಬಂತು, ಚಕ್ರ ತಟ್ಟೆ ಆಗಿತ್ತು. ರಸ್ತೆ ಪಕ್ಕ ನಿಂತು ಒಬ್ಬನೇ ಕೂಗಿದೆ.

150-600 ಎರಡು ದಿನಕ್ಕೆ ಬಾಡಿಗೆಗೆ ತಂದೆ. ಅಂಗಡಿಯಲ್ಲಿ ಪೇಪರ್ ಹರಡಿ ನೋಡಿದೆ, ಸರಿ ಇತ್ತು. ಶನಿವಾರ ಬೆಳಗ್ಗೆ 140 ಮೀಟರ್ ದೂರದ ಜಾಗಕ್ಕೆ ಹೋದೆ. ಅಭ್ಯಾಸದ ಸುತ್ತು ನಡೆಯುತ್ತಿತ್ತು. ಒಂಬತ್ತರವರೆಗೆ 600ರಲ್ಲಿ ತೆಗೆದ ಕಾರುಗಳು ಕಣ್ಣಿಗೆ ಹಬ್ಬ. ಬೋಲ್ಟ್ ಕೂಡ ಕಾಣುತ್ತಿದೆ. ಹನ್ನೊಂದಕ್ಕೆ ಅದೇ ಜಾಗ, ಅದೇ ಸೆಟ್ಟಿಂಗ್, ಒಂದೂ ಶಾರ್ಪ್ ಇಲ್ಲ. ಲೆನ್ಸ್ ಕೆಟ್ಟಿತು ಅಂತ ಹೆದರಿದೆ. ಆಮೇಲೆ ಕ್ಯಾಮೆರಾ ಇಳಿಸಿ ನೋಡಿದರೆ ಡಾಂಬರಿನ ಮೇಲೆ ಗಾಳಿ ಕುದಿಯುತ್ತಿತ್ತು. ದೂರದ ಟೈರ್ ಗೋಡೆ ನೀರಲ್ಲಿ ಇದ್ದ ಹಾಗೆ ಅಲ್ಲಾಡುತ್ತಿತ್ತು. ಆ ಝಳವನ್ನು ದಾಟಿ ಯಾವ ಲೆನ್ಸ್ ತಾನೇ ಏನು ಮಾಡೀತು?

ಆಗ 60 ಮೀಟರ್ ಜಾಗಕ್ಕೆ ಬಂದು 70-300 ಹಾಕಿದೆ. ಹತ್ತಿರ ಆದದ್ದಕ್ಕೆ ಝಳದ ಕಾಟ ಬಹಳ ಕಡಿಮೆ. ಬೇಲಿಯ ನೆರಳಿರುವ ಮೂಲೆ ಸಿಕ್ಕಿತು. ಪೋಲರೈಸರ್ ಹಾಕಿ, ಶಟರ್ ನಾವೇ ಇಡುವ ಎಸ್ ಮೋಡ್‌ನಲ್ಲಿ 1/250, ಮಧ್ಯಾಹ್ನ 1/160, ಸಂಜೆ 1/125. ಮೇಷ್ಟ್ರ ಲೆಕ್ಕ ಕರೆಕ್ಟಾಗಿ ಕೂತಿತು. ಝೂಮ್ ರಿಂಗ್ ಹೆಚ್ಚು ಕಡಿಮೆ 230ರ ಹತ್ತಿರವೇ ಇರುತ್ತಿತ್ತು. ಭಾನುವಾರ ದೊಡ್ಡ ಲೆನ್ಸ್ ಬೆಳಗ್ಗೆ ಒಂದು ಗಂಟೆ ಬಿಟ್ಟರೆ ಬ್ಯಾಗಿನಿಂದ ಆಚೆ ಬರಲೇ ಇಲ್ಲ.

ಎರಡು ದಿನಕ್ಕೆ 1,900 ಫೋಟೋ. ಇಟ್ಟುಕೊಂಡದ್ದು 41. ಅದರಲ್ಲಿ 34 ಹಳೆಯ 70-300ರವು.

ಸಿಗ್ಮಾ ಈಗ ತಗೊಳ್ಳುತ್ತಿಲ್ಲ. ಬೈಕ್ ರೇಸಿಗೆ ಹೋಗುವಾಗ ಮತ್ತೆ ಬಾಡಿಗೆಗೆ ತಂದು ನೋಡುತ್ತೇನೆ. ಕೆರೆ ಹಕ್ಕಿಗೆ ಬೇಕು ಅನ್ನಿಸಿದರೆ ಆಗ ಯೋಚನೆ. ಸದ್ಯಕ್ಕೆ ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ಚಿಕ್ಕಮಗಳೂರು ರ‍್ಯಾಲಿಗೆ ಹೋಗಬೇಕು ಅಂತಿದ್ದೇನೆ. ಅಕ್ಕ, ದಿನಾಂಕ ಗೊತ್ತಾದರೆ ತಿಳಿಸುತ್ತೀರಾ?

ಸಿಲ್ವರ್ ಓಕ್ ನೆರಳು

ಖಂಡಿತ ತಿಳಿಸುತ್ತೇನೆ. ಹಿಂದಿನ ರಾತ್ರಿಯೇ ಬಂದುಬಿಡಿ. ರ‍್ಯಾಲಿಯ ಒಂದೊಂದು ಹಂತ, ಅಂದರೆ ಸ್ಟೇಜ್, ಶುರುವಾಗುವ ಮುಂಚೆ ರಸ್ತೆ ಮುಚ್ಚುತ್ತಾರೆ, ಆಮೇಲೆ ಒಳಗೆ ಬಿಡುವುದಿಲ್ಲ. 18-55 ಮರೆಯದೆ ತನ್ನಿ. ಒಂದು ಹಳೆಯ ಟವಲ್ ಕೂಡ.

ಲೆಕ್ಕದ ಮೇಷ್ಟ್ರು

41ರಲ್ಲಿ ಒಂದನ್ನಾದರೂ ಹಾಕ್ರಿ ಇಲ್ಲಿ!

ಹೊಸಕೋಟೆ ಹುಡುಗ

ಹಾಕಿದ್ದೇನೆ ಮೇಷ್ಟ್ರೇ. ಭಾನುವಾರ ಸಂಜೆಯದು, 1/125, 230 ಎಂಎಂ. ಡ್ರೈವರ್ ಹೆಲ್ಮೆಟ್ ಒಳಗಿನ ಕಣ್ಣು ತಿರುವಿನ ಆಚೆ ನೋಡುತ್ತಿದೆ, ದೊಡ್ಡದು ಮಾಡಿ ನೋಡಿ.